ಕಂಬರ್‌ಲ್ಯಾಂಡ್ ಗ್ಯಾಪ್‌ಗೆ ಹೊರಟವರಿಗೆ: ಮೊದಲು ಕೆಳಗಿನ ದಾರಿ, ಆಮೇಲೆ ಮೇಲಿನ ನೋಟ

ಅಟ್ಲಾಂಟಾ, ಶಾರ್ಲೆಟ್, ಸಿನ್ಸಿನಾಟಿ ಕಡೆ ಇರುವ ನಮ್ಮ ಜನ ಲಾಂಗ್ ವೀಕೆಂಡ್ ಬಂದರೆ ಸ್ಮೋಕಿ ಬೆಟ್ಟಗಳ ಕಡೆ ಕಾರು ತಿರುಗಿಸುತ್ತಾರೆ. ಗ್ಯಾಟ್ಲಿನ್‌ಬರ್ಗ್‌ನಲ್ಲಿ ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಅಲ್ಲಿಂದ ಉತ್ತರಕ್ಕೆ ಎರಡು ಗಂಟೆಯಷ್ಟು ದೂರದಲ್ಲಿ ಇನ್ನೊಂದು ಜಾಗವಿದೆ. ಕೆಂಟಕಿ, ಟೆನೆಸಿ, ವರ್ಜೀನಿಯಾ ಮೂರೂ ರಾಜ್ಯಗಳು ಸೇರುವ ಮೂಲೆಯಲ್ಲಿರುವ ಕಂಬರ್‌ಲ್ಯಾಂಡ್ ಗ್ಯಾಪ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಜನ ಕಮ್ಮಿ, ಪ್ರವೇಶ ಶುಲ್ಕ ಇಲ್ಲ, ಒಂದು ದಿನಕ್ಕೆ ಬೇಕಾದಷ್ಟು ನೋಡುವುದಿದೆ.

ಆದರೆ ಬಂದವರಲ್ಲಿ ಬಹಳ ಮಂದಿ ಒಂದೇ ಕೆಲಸ ಮಾಡುತ್ತಾರೆ. ಸೀದಾ ಪಿನಾಕಲ್ ಎಂಬ ವ್ಯೂಪಾಯಿಂಟ್‌ಗೆ ಕಾರಿನಲ್ಲಿ ಹೋಗಿ, ನಾಲ್ಕು ಫೋಟೊ ಹೊಡೆದು, ಇಳಿದು ಹೊರಟುಬಿಡುತ್ತಾರೆ. ಹಾಗೆ ಮಾಡಿದರೆ ಕಾಣುವುದು ಬರೀ ಹಸಿರು ಬೆಟ್ಟ, ಅಷ್ಟೇ. ಇಲ್ಲಿ ಕಾಪಾಡಿರುವುದು ಒಂದು ದಾರಿಯನ್ನು. ದಾರಿಯನ್ನು ನೋಡಬೇಕಾದರೆ ನಡೆಯಬೇಕು, ಅಲ್ವಾ? ಅದಕ್ಕೇ ಈ ಲೇಖನದ ಕ್ರಮ ಉಲ್ಟಾ: ಮೊದಲು ಕೆಳಗೆ ನಡೆಯಿರಿ, ಪಿನಾಕಲ್ ಅನ್ನು ಸಂಜೆಗೆ ಇಟ್ಟುಕೊಳ್ಳಿ.

ಹೊರಡುವ ಮೊದಲು ಇಷ್ಟು ತಿಳಿದಿರಲಿ

ಅಪಲಾಚಿಯನ್ ಬೆಟ್ಟಸಾಲಿನ ಈ ಭಾಗದಲ್ಲಿ ಕಂಬರ್‌ಲ್ಯಾಂಡ್ ಪರ್ವತ ಉದ್ದಕ್ಕೂ ಗೋಡೆ ಕಟ್ಟಿದ ಹಾಗೆ ನಿಂತಿದೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವರಿಗೆ ದಾಟಲು ಜಾಗವೇ ಸಿಗುತ್ತಿರಲಿಲ್ಲ. ಹಿಂದೆ ಯಾವುದೋ ಕಾಲದಲ್ಲಿ ಇಲ್ಲಿ ಹರಿಯುತ್ತಿದ್ದ ಹೊಳೆ ಬೆಟ್ಟವನ್ನು ಕೊರೆದು ಒಂದು ತಗ್ಗು ಮಾಡಿತು. ಆಮೇಲೆ ಹೊಳೆ ಬೇರೆ ಕಡೆ ತಿರುಗಿತು, ತಗ್ಗು ಹಾಗೇ ಉಳಿಯಿತು. ಆ ತಗ್ಗೇ ಗ್ಯಾಪ್. ಎತ್ತರ ಸುಮಾರು 1,600 ಅಡಿ. ಪಕ್ಕದ ಪಿನಾಕಲ್ 2,440 ಅಡಿ.

ದಾರಿಗೆ ಇದೊಂದೇ ಸಾಲದು. ಗ್ಯಾಪ್ ದಾಟಿ ಕೆಂಟಕಿ ಕಡೆಗೆ ಇಳಿದರೆ ಮಿಡಲ್ಸ್‌ಬರೋ ಊರು ಸಿಗುತ್ತದೆ. ಆ ಊರು ಕೂತಿರುವುದು ಕೋಟ್ಯಂತರ ವರ್ಷಗಳ ಹಿಂದೆ ಉಲ್ಕೆ ಬಿದ್ದು ಆದ ಹಳ್ಳದೊಳಗೆ! ಹಳ್ಳದ ಅಗಲ ಸುಮಾರು ಮೂರು ಮೈಲಿ. ಅದನ್ನು ದಾಟಿದರೆ ಪೈನ್ವಿಲ್ ಹತ್ತಿರ ಕಂಬರ್‌ಲ್ಯಾಂಡ್ ನದಿ ಪೈನ್ ಪರ್ವತವನ್ನು ಸೀಳಿಕೊಂಡು ಹೋಗುವ ಇಕ್ಕಟ್ಟು ಜಾಗ. ಒಂದು ತಗ್ಗು, ಒಂದು ಸಮತಟ್ಟು ಬಟ್ಟಲು, ಒಂದು ಸೀಳು. ಮೂರೂ ಸಾಲಾಗಿ ಸಿಕ್ಕಿದ್ದರಿಂದ ಇಲ್ಲಿ ದಾರಿ ಆಯಿತು.

ಈ ದಾರಿಯನ್ನು ಡೇನಿಯಲ್ ಬೂನ್ ಎಂಬ ಬೇಟೆಗಾರ ಕಂಡುಹಿಡಿದ ಅಂತ ಶಾಲೆಗೆ ಹೋಗುವ ಮಕ್ಕಳು ಹೇಳಬಹುದು. ತಿದ್ದಿ. ಮೊದಲು ನಡೆದದ್ದು ಕಾಡೆಮ್ಮೆಗಳು, ಅಂದರೆ ಬೈಸನ್. ಅವುಗಳ ಹಿಂದೆ ಚೆರೋಕಿ, ಶಾನಿ ಮತ್ತಿತರ ಮೂಲನಿವಾಸಿಗಳು. ಬೇಟೆಗೆ, ವ್ಯಾಪಾರಕ್ಕೆ, ಯುದ್ಧಕ್ಕೆ ಅವರು ಇದೇ ದಾರಿಯಲ್ಲಿ ಓಡಾಡುತ್ತಿದ್ದರು. 1750ರ ಏಪ್ರಿಲ್‌ನಲ್ಲಿ ಥಾಮಸ್ ವಾಕರ್ ಎಂಬ ವರ್ಜೀನಿಯಾದ ವೈದ್ಯ ಒಂದು ಭೂಮಿ ಕಂಪನಿಯ ಪರವಾಗಿ ಜಾಗ ಹುಡುಕುತ್ತಾ ಇಲ್ಲಿಗೆ ಬಂದ. ಪಕ್ಕದ ಗುಹೆ ನೋಡಿ ಇದಕ್ಕೆ ‘ಕೇವ್ ಗ್ಯಾಪ್’ ಅಂತ ಹೆಸರಿಟ್ಟ. ಮುಂದೆ ಸಿಕ್ಕ ನದಿಗೆ ಇಂಗ್ಲೆಂಡಿನ ಕಂಬರ್‌ಲ್ಯಾಂಡ್ ಡ್ಯೂಕ್‌ನ ಹೆಸರು ಕೊಟ್ಟ. ಕೊನೆಗೆ ಎಲ್ಲದಕ್ಕೂ ಆ ಹೆಸರೇ ಅಂಟಿಕೊಂಡಿತು. ಪಾಪ, ಅವನಿಗೆ ಕೆಂಟಕಿಯ ಒಳ್ಳೆಯ ಹುಲ್ಲುಗಾವಲು ಭೂಮಿ ಸಿಗಲೇ ಇಲ್ಲ. ಗುಡ್ಡಗಾಡಿನಲ್ಲೇ ಸುತ್ತಾಡಿ ವಾಪಸ್ ಹೋದ.

ಬೂನ್‌ನ ಪಾಲು ಬರುವುದು 1775ರಲ್ಲಿ. ರಿಚರ್ಡ್ ಹೆಂಡರ್ಸನ್ ಎಂಬ ಭೂಮಿ ವ್ಯಾಪಾರಿ ಆ ಮಾರ್ಚ್‌ನಲ್ಲಿ ಸೈಕಮೋರ್ ಶೋಲ್ಸ್ ಎಂಬಲ್ಲಿ ಕೆಲವು ಚೆರೋಕಿ ಮುಖಂಡರಿಂದ ಭಾರೀ ಭೂಮಿ ಕೊಂಡ. ಡ್ರ್ಯಾಗಿಂಗ್ ಕನೂ ಎಂಬ ಚೆರೋಕಿ ನಾಯಕ ಇದನ್ನು ಜೋರಾಗಿ ವಿರೋಧಿಸಿದ. ಅದೇ ನೆಲದಲ್ಲಿ ಬೇಟೆಯಾಡುತ್ತಿದ್ದ ಶಾನಿ ಜನ ಈ ಮಾರಾಟಕ್ಕೆ ಒಪ್ಪಿಯೇ ಇರಲಿಲ್ಲ. ಹೆಂಡರ್ಸನ್ ಕಳಿಸಿದ ಬೂನ್ ಸುಮಾರು 30 ಜನ ಕೊಡಲಿಯವರ ಜೊತೆ ಮರ ಕಡಿದು ದಾರಿ ಬಿಡಿಸಿದ. ಅದೇ ವೈಲ್ಡರ್‌ನೆಸ್ ರೋಡ್. ರೋಡ್ ಅಂತ ಹೆಸರೇ ಹೊರತು 1796ರವರೆಗೆ ಗಾಡಿ ಹೋಗುವಂತಿರಲಿಲ್ಲ. ಕಾಲ್ನಡಿಗೆ, ಇಲ್ಲವೇ ಕುದುರೆ. 1810ರ ಹೊತ್ತಿಗೆ ಎರಡರಿಂದ ಮೂರು ಲಕ್ಷ ಜನ ಹೀಗೆ ಪಶ್ಚಿಮಕ್ಕೆ ದಾಟಿದರು ಅಂತ ಅಂದಾಜು. ಅವರಲ್ಲಿ ಸ್ವಂತ ಇಷ್ಟದಿಂದ ಬರದವರೂ ಇದ್ದರು. ಮಾಲೀಕರು ಜೊತೆಗೆ ಕರೆತಂದ ಕರಿಯ ಗುಲಾಮರು ಇದೇ ದಾರಿಯಲ್ಲಿ ಹೊರೆ ಹೊತ್ತು ನಡೆದರು. ಇಷ್ಟೆಲ್ಲ ಮಾಡಿದ ಬೂನ್‌ಗೆ ಕೆಂಟಕಿಯಲ್ಲಿ ಕೊನೆಗೆ ಭೂಮಿಯೂ ಉಳಿಯಲಿಲ್ಲ. 1799ರಲ್ಲಿ ಮಿಸೌರಿಗೆ ಹೊರಟುಹೋದ.

ಯಾವಾಗ, ಯಾವ ದಾರಿಯಲ್ಲಿ

ಅಕ್ಟೋಬರ್ ಮಧ್ಯದಿಂದ ಕೊನೆಯವರೆಗೆ ಎಲೆ ಬಣ್ಣ ತಿರುಗುವ ಕಾಲ ಎಲ್ಲಕ್ಕಿಂತ ಚೆಂದ. ಏಪ್ರಿಲ್ ಕೂಡ ಒಳ್ಳೆಯದು, ಕಾಡುಹೂ ಇರುತ್ತದೆ, ಬಿಸಿಲು ಕಮ್ಮಿ. ಜುಲೈ, ಆಗಸ್ಟ್‌ನಲ್ಲಿ ಸೆಕೆ, ಬೆವರು, ಉಣ್ಣಿಗಳ (ಟಿಕ್ ಹುಳಗಳ) ಕಾಟ. ಚಳಿಗಾಲದಲ್ಲಿ ಹಿಮ ಬಿದ್ದರೆ ಪಿನಾಕಲ್ ರಸ್ತೆ ಮುಚ್ಚುತ್ತಾರೆ, ಗುಹೆ ಪ್ರವಾಸವೂ ಕಮ್ಮಿಯಾಗುತ್ತದೆ.

ಹತ್ತಿರದ ವಿಮಾನ ನಿಲ್ದಾಣ ನಾಕ್ಸ್‌ವಿಲ್. ಅಲ್ಲಿಂದ ಒಂದೂವರೆ ಗಂಟೆ. ಲೆಕ್ಸಿಂಗ್ಟನ್ ಕಡೆಯಿಂದ ಬರುವವರು ಐ-75ರಲ್ಲಿ ಕಾರ್ಬಿನ್‌ವರೆಗೆ ಬಂದು ಯುಎಸ್ 25ಇ ಹಿಡಿಯಬೇಕು. ಎಲ್ಲಿಂದ ಬಂದರೂ ಕೊನೆಗೆ ಈ 25ಇ ಹೆದ್ದಾರಿಯೇ. ಟೆನೆಸಿ ಕಡೆಯಿಂದ ಬಂದರೆ ಬೆಟ್ಟದ ಕೆಳಗಿನ ಸುರಂಗ ದಾಟಿದ ತಕ್ಷಣ ವಿಸಿಟರ್ ಸೆಂಟರ್‌ಗೆ ತಿರುವು ಸಿಗುತ್ತದೆ. ಬೋರ್ಡ್ ನೋಡುತ್ತಿರಿ, ಸ್ವಲ್ಪ ಮೈಮರೆತರೆ ಮಿಡಲ್ಸ್‌ಬರೋ ಒಳಗೆ ಹೋಗಿರುತ್ತೀರಿ.

ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರಿ. ಬೆಟ್ಟದ ಒಳಗೆ ಸಿಗ್ನಲ್ ನಂಬಲು ಆಗುವುದಿಲ್ಲ.

ಊಟದ ಮಾತು ಈಗಲೇ ಹೇಳಿಬಿಡುತ್ತೇನೆ. ಸುತ್ತಲಿನದು ಸಣ್ಣ ಊರುಗಳು, ಬರೀ ಸಸ್ಯಾಹಾರ ತಿನ್ನುವವರಿಗೆ ಆಯ್ಕೆ ಜಾಸ್ತಿ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗುವುದೇ ವಾಸಿ. ಪುಳಿಯೋಗರೆ, ಚಪಾತಿ-ಪಲ್ಯ ಯಾವುದಾದರೂ ಆದೀತು. ಪಿಕ್ನಿಕ್ ಮೇಜುಗಳು ಉದ್ಯಾನದಲ್ಲೇ ಇವೆ. ಆದರೆ ಇಲ್ಲಿ ಕರಡಿಗಳಿವೆ. ತಿಂದು ಉಳಿದದ್ದನ್ನು ಮೇಜಿನ ಮೇಲೆ ಬಿಡಬೇಡಿ, ಕಾರಿನೊಳಗೆ ಇಟ್ಟು ಬಾಗಿಲು ಹಾಕಿ.

ಬೆಳಿಗ್ಗೆ: ವಿಸಿಟರ್ ಸೆಂಟರ್

ಬಾಗಿಲು ತೆಗೆಯುವ ಹೊತ್ತಿಗೇ ತಲುಪಿ. ಮಾಡಬೇಕಾದ ಮೊದಲ ಕೆಲಸ ಗುಹೆಯ ಟಿಕೆಟ್ ವಿಚಾರಿಸುವುದು. ಗ್ಯಾಪ್ ಕೇವ್ ಒಳಗೆ ರೇಂಜರ್ ಜೊತೆ ಮಾತ್ರ ಹೋಗಬಹುದು, ಅದಕ್ಕೆ ದುಡ್ಡು ಕೊಡಬೇಕು, ಜಾಗ ಬೇಗ ತುಂಬುತ್ತದೆ. ವಾರಾಂತ್ಯಕ್ಕೆ ಹೋಗುವುದಾದರೆ ಮೊದಲೇ ಬುಕ್ ಮಾಡಿ. ಸಮಯ, ದರ, ಎಲ್ಲಿ ಸೇರಬೇಕು ಎಂಬುದು ಋತುವಿಗೆ ತಕ್ಕಂತೆ ಬದಲಾಗುತ್ತದೆ, ಉದ್ಯಾನದ ವೆಬ್‌ಸೈಟ್ ನೋಡಿಕೊಳ್ಳಿ.

ಮಕ್ಕಳಿದ್ದರೆ ಜೂನಿಯರ್ ರೇಂಜರ್ ಪುಸ್ತಕ ಕೇಳಿ ಪಡೆಯಿರಿ. ಒಳಗಿನ ಮ್ಯೂಸಿಯಂ ಚಿಕ್ಕದು. ಪಕ್ಕದಲ್ಲಿ ಅಪಲಾಚಿಯನ್ ಕೈಕೆಲಸದ ಅಂಗಡಿ ಇದೆ. ಮಡಕೆ, ಮರದ ಕೆಲಸ, ನೇಯ್ಗೆ ಎಲ್ಲ ಚೆನ್ನಾಗಿರುತ್ತದೆ, ಬೆಲೆಯೂ ಹಾಗೇ.

ಇಲ್ಲಿ ಒಂದು ಗಂಟೆ ಸಾಕು.

ಮುಖ್ಯವಾದ ನಡಿಗೆ

ಈಗ ಕಾರು ಹತ್ತಿ, ಸುರಂಗ ದಾಟಿ ಮತ್ತೆ ಟೆನೆಸಿ ಕಡೆ ಬನ್ನಿ. ಕಂಬರ್‌ಲ್ಯಾಂಡ್ ಗ್ಯಾಪ್ ಎಂಬ ಹೆಸರಿನದೇ ಒಂದು ಪುಟ್ಟ ಊರಿದೆ. ಅದರ ಅಂಚಿನಲ್ಲಿ ಕಲ್ಲಿನ ದೊಡ್ಡ ಗೋಪುರದಂಥ ಕಬ್ಬಿಣದ ಕುಲುಮೆ ನಿಂತಿದೆ. ಇದೇ ‘ಐರನ್ ಫರ್ನೇಸ್’. ಕಾರು ನಿಲ್ಲಿಸಬೇಕಾದದ್ದು ಇಲ್ಲಿ.

ಕುಲುಮೆಯನ್ನು ಸುಮ್ನೆ ದಾಟಿ ಹೋಗಬೇಡಿ. 1820ರ ದಶಕದಲ್ಲಿ ಶುರುವಾದದ್ದು. ಅದಿರು, ಸುಣ್ಣದ ಕಲ್ಲು, ಇದ್ದಿಲು ಮೂರನ್ನೂ ಮೇಲಿನಿಂದ ಸುರಿದು, ಪಕ್ಕದ ಹೊಳೆಯ ನೀರಿನ ಬಲದಿಂದ ತಿದಿ ಒತ್ತಿ ಕಬ್ಬಿಣ ಕರಗಿಸುತ್ತಿದ್ದರು. ಇದ್ದಿಲಿಗಾಗಿ ಎಷ್ಟು ಮರ ಕಡಿದಿರಬೇಕು, ಯೋಚಿಸಿ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ (1861-65) ಬಂದಾಗ ಸೈನಿಕರು ಉಳಿದದ್ದನ್ನೂ ಕಡಿದರು, ಶತ್ರು ಅಡಗಲು ಜಾಗ ಸಿಗಬಾರದು ಅಂತ. ಈಗ ಸುತ್ತ ಕಾಣುವ ಕಾಡು ಆಮೇಲೆ ಬೆಳೆದದ್ದು.

ಕುಲುಮೆಯಿಂದ ಏರುದಾರಿ ಶುರು. ಮೊದಲ ಭಾಗ ಸ್ವಲ್ಪ ಕಡಿದಾಗಿದೆ, ಒಳ್ಳೆಯ ಶೂ ಬೇಕು, ಚಪ್ಪಲಿ ಬೇಡ. ಒಂದು ಮೈಲಿಯೊಳಗೆ ಗ್ಯಾಪ್‌ನ ನೆತ್ತಿ ಸಿಗುತ್ತದೆ. ಅದನ್ನು ‘ಸ್ಯಾಡಲ್’ ಅನ್ನುತ್ತಾರೆ. 1915ರಲ್ಲಿ ನೆಟ್ಟ ಕಲ್ಲಿನ ಸ್ಮಾರಕವೊಂದು ಅಲ್ಲಿದೆ.

ಇಲ್ಲಿ ನಿಂತು ಸುತ್ತ ನೋಡಿ. ಎರಡು ಕಡೆ ಬೆಟ್ಟ, ನಡುವೆ ಅಗಲ ಕಡಿಮೆಯ ಮಣ್ಣಿನ ದಾರಿ, ಮರಗಳು. ಇದರಲ್ಲಿ ಏನು ವಿಶೇಷ ಅನ್ನಿಸಬಹುದು. ವಿಶೇಷ ಇಷ್ಟೇ: 1996ರವರೆಗೆ ನೀವು ನಿಂತ ಈ ಜಾಗದಲ್ಲಿ ಲಾರಿಗಳು ಓಡುತ್ತಿದ್ದವು.

1908ರ ಹೊತ್ತಿಗೆ ಸರ್ಕಾರ ಇಲ್ಲಿ ಜಲ್ಲಿ ಹಾಕಿ ಒಂದು ಮಾದರಿ ರಸ್ತೆ ಮಾಡಿಸಿತ್ತು. ಒಳ್ಳೆಯ ರಸ್ತೆ ಅಂದರೆ ಹೇಗಿರಬೇಕು ಅಂತ ಜನರಿಗೆ ತೋರಿಸಲಿಕ್ಕೆ. ಅದಕ್ಕೆ ‘ಆಬ್ಜೆಕ್ಟ್ ಲೆಸನ್ ರೋಡ್’ ಅಂತಲೇ ಹೆಸರು, ಈಗ ಅದೇ ಹೆಸರಿನ ಟ್ರೇಲ್ ಇದೆ. ಮುಂದೆ ಇದೇ ತಗ್ಗಿನಲ್ಲಿ ಡಾಂಬರು ಹೆದ್ದಾರಿ ಬಂತು. ವಾಹನ ಹೆಚ್ಚಿದಂತೆ ಅಪಘಾತವೂ ಹೆಚ್ಚಿದವು. ಸ್ಥಳೀಯರು ಇದನ್ನು ‘ಮ್ಯಾಸಕರ್ ಮೌಂಟನ್’ ಅನ್ನುತ್ತಿದ್ದರು. ನಮ್ಮ ಘಾಟಿ ರಸ್ತೆಗಳಲ್ಲಿ ಮಳೆಗಾಲದ ರಾತ್ರಿ ಲಾರಿಗಳ ನಡುವೆ ಸಿಕ್ಕಿಕೊಂಡವರಿಗೆ ಆ ಹೆಸರು ಯಾಕೆ ಬಂತು ಅಂತ ವಿವರಿಸಬೇಕಿಲ್ಲ.

ಬೇರೆ ಕಡೆಯಾಗಿದ್ದರೆ ರಸ್ತೆ ಅಗಲ ಮಾಡಿ ಮುಗಿಸುತ್ತಿದ್ದರು. ಇಲ್ಲಿ ಹಾಗೆ ಮಾಡಲಿಲ್ಲ. ಬೆಟ್ಟದ ಕೆಳಗೆ ಸುಮಾರು 4,600 ಅಡಿ, ಅಂದರೆ 1.4 ಕಿಲೊಮೀಟರ್ ಉದ್ದದ ಜೋಡಿ ಸುರಂಗ ಕೊರೆದರು. 1996ರ ಅಕ್ಟೋಬರ್‌ನಲ್ಲಿ ಅದು ತೆರೆಯಿತು. ಆಮೇಲೆ ಮೇಲಿನ ಹೆದ್ದಾರಿಯ ಡಾಂಬರನ್ನು ಕಿತ್ತು ಹಾಕಿದರು. ಹಳೆಯ ನಕ್ಷೆ, ಫೋಟೊ ನೋಡಿಕೊಂಡು, ಕಡಿದ ಜಾಗಕ್ಕೆ ಮಣ್ಣು ತುಂಬಿ, ನೆಲದ ಏರಿಳಿತ ಮೊದಲಿನಂತೆ ಮಾಡಿ, ಗಿಡ ನೆಟ್ಟು, 1780ರಿಂದ 1810ರ ನಡುವೆ ದಾರಿ ಹೇಗಿತ್ತೋ ಹಾಗೆ ತರಲು ನೋಡಿದರು. ಓಡಾಡುತ್ತಿದ್ದ ಹೆದ್ದಾರಿಯನ್ನು ಅಳಿಸಿ ಕಾಲುದಾರಿ ಮಾಡಿದ್ದು ನನಗೆ ಈ ಉದ್ಯಾನದ ಎಲ್ಲಕ್ಕಿಂತ ದೊಡ್ಡ ಸಂಗತಿ. ಪಿನಾಕಲ್‌ನಿಂದ ಇದು ತಿಳಿಯುವುದೇ ಇಲ್ಲ. ಇಲ್ಲಿ ನಿಂತರೆ ಮಾತ್ರ ತಿಳಿಯುತ್ತದೆ, ಅದೂ ಯಾರಾದರೂ ಹೇಳಿದರೆ. ಕೆಲಸ ಅಷ್ಟು ಚೆನ್ನಾಗಿ ಆಗಿದೆ.

ಸ್ಯಾಡಲ್‌ನಿಂದ ಒಂದು ಕವಲು ಟ್ರೈ-ಸ್ಟೇಟ್ ಶಿಖರಕ್ಕೆ ಏರುತ್ತದೆ. 1,990 ಅಡಿ. ಮೇಲೆ ಒಂದು ಮಂಟಪ, ನೆಲದಲ್ಲಿ ಮೂರು ರಾಜ್ಯಗಳ ಗಡಿ ಗುರುತು. ಎರಡು ಕಾಲು, ಒಂದು ಕೈ ಇಟ್ಟು ಮೂರು ರಾಜ್ಯದಲ್ಲಿ ಒಟ್ಟಿಗೆ ನಿಂತೆ ಅಂತ ಫೋಟೊ ತೆಗೆಸಿಕೊಳ್ಳದೆ ಇಳಿದವರು ಇಲ್ಲ. ಕುಲುಮೆಯಿಂದ ಶಿಖರಕ್ಕೆ ಹೋಗಿ ವಾಪಸ್ ಬರಲು ಎರಡರಿಂದ ಮೂರು ಮೈಲಿ. ಅವಸರ ಮಾಡದೆ ನಡೆದರೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ನೀರು ಜೊತೆಗಿರಲಿ, ಮೇಲೆ ಏನೂ ಸಿಗುವುದಿಲ್ಲ. ದಾರಿ ಬಿಟ್ಟು ಎಲೆ ರಾಶಿಯೊಳಗೆ ಕಾಲಿಡಬೇಡಿ. ಕಾಪರ್‌ಹೆಡ್ ಮತ್ತು ರ‍್ಯಾಟಲ್ ಹಾವುಗಳಿವೆ. ಮೂರೆಲೆಯ ಪಾಯ್ಸನ್ ಐವಿ ಬಳ್ಳಿಯನ್ನು ಮುಟ್ಟಬೇಡಿ, ಮೈಯೆಲ್ಲ ಕೆರೆತ. ವಾಪಸ್ ಬಂದ ಮೇಲೆ ಕಾಲು, ಕತ್ತಿನ ಹಿಂದೆ ಉಣ್ಣಿ ಕೂತಿದೆಯಾ ನೋಡಿಕೊಳ್ಳಿ.

ಊರಿನಿಂದ ಅಪ್ಪ-ಅಮ್ಮ ಬಂದಿದ್ದು, ಮಂಡಿ ನೋವು ಇದ್ದರೆ ಕುಲುಮೆಯಿಂದ ಏರಿಸಬೇಡಿ. ಪಿನಾಕಲ್ ರಸ್ತೆಯಲ್ಲಿ ಥಾಮಸ್ ವಾಕರ್ ಹೆಸರಿನ ಪಾರ್ಕಿಂಗ್ ಇದೆ. ಅಲ್ಲಿಂದ ಸ್ಯಾಡಲ್ ತುಂಬಾ ಹತ್ತಿರ, ಏರು ಕಮ್ಮಿ. ನಿಧಾನವಾಗಿ ಕರೆದುಕೊಂಡು ಹೋಗಬಹುದು.

ಮಧ್ಯಾಹ್ನ: ಗುಹೆ

ಊಟ ಮುಗಿಸಿ ಗುಹೆಗೆ. ಸುಮಾರು ಎರಡು ಗಂಟೆ, ಒಂದೂವರೆ ಮೈಲಿ ನಡಿಗೆ, 183 ಮೆಟ್ಟಿಲು. ಒಳಗೆ ತಂಪು, ಬೇಸಿಗೆಯಲ್ಲೂ ಒಂದು ಜಾಕೆಟ್ ಬೇಕು. ನೆಲ ಒದ್ದೆ, ಜಾರುತ್ತದೆ. ಮಂಡಿ ನೋವಿನವರು, ಕತ್ತಲು ಕಂಡರೆ ಅಳುವ ಪುಟ್ಟ ಮಕ್ಕಳು ಹೊರಗೇ ಉಳಿಯುವುದು ಒಳ್ಳೆಯದು.

ಒಂದು ನಿಯಮ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಬೇರೆ ಗುಹೆಗೆ ಹಾಕಿಕೊಂಡು ಹೋಗಿದ್ದ ಬಟ್ಟೆ, ಶೂ ಇಲ್ಲಿಗೆ ಹಾಕಿಕೊಂಡು ಬರಬಾರದು. ಬಾವಲಿಗಳನ್ನು ಕೊಲ್ಲುವ ‘ವೈಟ್ ನೋಸ್’ ಎಂಬ ಶಿಲೀಂಧ್ರ ರೋಗ ಹೀಗೆ ಒಂದು ಗುಹೆಯಿಂದ ಇನ್ನೊಂದಕ್ಕೆ ಹರಡುತ್ತದೆ. ಅದೇ ಪ್ರವಾಸದಲ್ಲಿ ಕೆಂಟಕಿಯ ಮ್ಯಾಮತ್ ಕೇವ್ ಕೂಡ ನೋಡುವವರು ಬೇರೆ ಜೊತೆ ಶೂ ಇಟ್ಟುಕೊಳ್ಳಿ.

ಒಳಗೆ ಅಂತರ್ಯುದ್ಧದ ಸೈನಿಕರು ಗೋಡೆ ಮೇಲೆ ಬರೆದ ಹೆಸರುಗಳಿವೆ. ನಮ್ಮ ಕೋಟೆಗಳಲ್ಲಿ ಹಾಗೆ ಬರೆದವರನ್ನು ಬೈಯುತ್ತೇವೆ. ನೂರೈವತ್ತು ವರ್ಷ ದಾಟಿದರೆ ಅದೇ ಇತಿಹಾಸ ಆಗಿಬಿಡುತ್ತದೆ ನೋಡಿ.

ಸಂಜೆ: ಪಿನಾಕಲ್

ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲು ಮೇಲಕ್ಕೆ ಹೊರಡಿ. ಕತ್ತಲಾದ ಮೇಲೆ ಗೇಟು ಹಾಕುತ್ತಾರೆ, ಸಮಯ ಕೇಳಿಕೊಂಡಿರಿ. ವಿಸಿಟರ್ ಸೆಂಟರ್‌ನಿಂದ ನಾಲ್ಕು ಮೈಲಿ, ತಿರುವುಗಳೇ ಜಾಸ್ತಿ. 20 ಅಡಿಗಿಂತ ಉದ್ದದ ವಾಹನ, ಟ್ರೇಲರ್ ಬಿಡುವುದಿಲ್ಲ. ಆರ್‌ವಿ (ಮಲಗಿ ಉಳಿಯಬಹುದಾದ ದೊಡ್ಡ ವಾಹನ) ಬಾಡಿಗೆಗೆ ತಂದವರು ಅದನ್ನು ಕೆಳಗೇ ಬಿಡಬೇಕು.

ದಾರಿಯಲ್ಲಿ ಫೋರ್ಟ್ ಮೆಕುಕ್, ಮೇಲೆ ಫೋರ್ಟ್ ಲಯನ್ ಎಂಬ ಅಂತರ್ಯುದ್ಧದ ನೆಲೆಗಳಿವೆ. ಕೋಟೆ ಅಂದುಕೊಂಡು ಹೋದರೆ ನಿರಾಸೆ. ಮಣ್ಣಿನ ದಿಬ್ಬ, ಒಂದೆರಡು ಫಿರಂಗಿ ಇರುತ್ತವೆ. ಕಥೆ ಮಾತ್ರ ಸ್ವಾರಸ್ಯವಾಗಿದೆ. 1861ರಲ್ಲಿ ದಕ್ಷಿಣದ ಸೇನೆ ಗ್ಯಾಪ್ ಹಿಡಿಯಿತು. 1862ರ ಜೂನ್‌ನಲ್ಲಿ ಉತ್ತರದ ಜನರಲ್ ಜಾರ್ಜ್ ಮಾರ್ಗನ್ ಬಂದಾಗ ಅವರು ಬಿಟ್ಟುಹೋದರು. ಸೆಪ್ಟೆಂಬರ್‌ನಲ್ಲಿ ದವಸ ಬರುವ ದಾರಿ ಕಡಿದುಹೋಗಿ ಮಾರ್ಗನ್ ಕೂಡ ಸಾಮಾನು ಸುಟ್ಟು, ಮದ್ದು ಸಿಡಿಸಿ, ಬೆಟ್ಟಗಳ ನಡುವೆ ಸುಮಾರು 200 ಮೈಲಿ ನಡೆದು ಓಹಾಯೊ ನದಿ ಸೇರಿಕೊಂಡ. ಗ್ಯಾಪ್ ಮತ್ತೆ ದಕ್ಷಿಣದವರ ಕೈಗೆ ಹೋಯಿತು. 1863ರ ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಎರಡು ಸಾವಿರಕ್ಕೂ ಹೆಚ್ಚು ಸೈನಿಕರು ಇಲ್ಲಿ ಶರಣಾದರು. ಇಷ್ಟು ಸಲ ಕೈ ಬದಲಾದರೂ ಗ್ಯಾಪ್‌ನಲ್ಲಿ ಒಂದು ದೊಡ್ಡ ಕದನವೂ ನಡೆಯಲಿಲ್ಲ. ದಾರಿ ಹಿಡಿಯುವುದು ಸುಲಭ, ಅಲ್ಲಿ ಕೂತವರಿಗೆ ಊಟ ಮುಟ್ಟಿಸುವುದು ಕಷ್ಟವಾಗಿತ್ತು.

ಪಾರ್ಕಿಂಗ್‌ನಿಂದ ವ್ಯೂಪಾಯಿಂಟ್‌ಗೆ ಚೆನ್ನಾಗಿ ಮಾಡಿದ ಕಾಲುದಾರಿ, ಗಾಲಿಕುರ್ಚಿಯೂ ಹೋಗುತ್ತದೆ. ನಡುವೆ ಕೆಂಟಕಿ-ವರ್ಜೀನಿಯಾ ಗಡಿ ದಾಟುತ್ತೀರಿ. ಮೇಲೆ ನಿಂತು ಮೊದಲು ಬೆಳಿಗ್ಗೆ ನಡೆದ ತಗ್ಗು ಹುಡುಕಿ. ಕುಲುಮೆ ಇರುವ ಪುಟ್ಟ ಊರು ಒಂದು ಕಡೆ, ಉಲ್ಕೆಯ ಬಟ್ಟಲಿನಲ್ಲಿ ಕೂತ ಮಿಡಲ್ಸ್‌ಬರೋ ಇನ್ನೊಂದು ಕಡೆ, ಸುರಂಗದೊಳಗೆ ನುಗ್ಗುವ ಹೆದ್ದಾರಿ. ಬೆಳಿಗ್ಗೆಯೇ ಬಂದಿದ್ದರೆ ಇದೆಲ್ಲ ಏನೆಂದೇ ತಿಳಿಯುತ್ತಿರಲಿಲ್ಲ. ಕಣಿವೆಯಲ್ಲಿ ಮಂಜು ತುಂಬಿದ್ದರೆ ಬೆಳಗಿನ ಹೊತ್ತು ಏನೂ ಕಾಣದೆ ಇರುವ ಸಾಧ್ಯತೆಯೂ ಇದೆ.

ಎರಡನೆಯ ದಿನ ಸಿಕ್ಕರೆ

ಎರಡರಲ್ಲಿ ಒಂದನ್ನು ಆರಿಸಿ, ಎರಡೂ ಒಂದೇ ದಿನ ಆಗುವುದಿಲ್ಲ.

ನಡೆಯುವ ಹುರುಪಿದ್ದರೆ ವೈಟ್ ರಾಕ್ಸ್ ಮತ್ತು ಸ್ಯಾಂಡ್ ಕೇವ್. ವರ್ಜೀನಿಯಾದ ಯೂಯಿಂಗ್ ಊರಿನ ಸಿವಿಕ್ ಪಾರ್ಕ್‌ನಿಂದ ದಾರಿ ಶುರು. ಎರಡೂ ಸೇರಿ ಎಂಟು ಮೈಲಿಗಿಂತ ಜಾಸ್ತಿ, ಏರೂ ಚೆನ್ನಾಗಿಯೇ ಇದೆ, ಇಡೀ ದಿನ ಬೇಕು. ವೈಟ್ ರಾಕ್ಸ್‌ನ ಬಿಳಿ ಬಂಡೆಗೋಡೆ ದೂರದಿಂದಲೇ ಕಾಣುತ್ತದೆ. ವಲಸೆ ಹೋಗುವವರಿಗೆ ಅದು ಕಂಡರೆ ಗ್ಯಾಪ್‌ಗೆ ಇನ್ನೊಂದು ದಿನದ ದಾರಿ ಅಂತ ಲೆಕ್ಕ. ಸ್ಯಾಂಡ್ ಕೇವ್ ನಿಜಕ್ಕೂ ಗುಹೆಯಲ್ಲ. ಬಂಡೆ ಚಾಚಿಕೊಂಡು ಆದ ಭಾರೀ ಮಾಡು, ಕೆಳಗೆ ಒಂದು ಎಕರೆಗೂ ಮೀರಿದ ಮರಳು.

ಇತಿಹಾಸದ ಆಸಕ್ತಿ ಇದ್ದರೆ ಹೆನ್ಸ್ಲಿ ಸೆಟ್ಲ್‌ಮೆಂಟ್. 1903-04ರ ಸುಮಾರಿಗೆ ಶರ್ಮನ್ ಹೆನ್ಸ್ಲಿ ಮತ್ತು ಅವನ ನೆಂಟರು ಬ್ರಶ್ ಪರ್ವತದ ಮೇಲೆ ಮನೆ ಕಟ್ಟಿದರು. ಒಂದು ಕಾಲಕ್ಕೆ ಅಲ್ಲಿ ನೂರರಷ್ಟು ಜನ ಇದ್ದರು. ಕರೆಂಟ್ ಇಲ್ಲ, ಸರಿಯಾದ ರಸ್ತೆ ಇಲ್ಲ. ಮೆಕ್ಕೆಜೋಳ, ಹಂದಿ, ಸ್ವಂತ ಕುಲುಮೆ, ಸ್ವಂತ ಶಾಲೆ. ಮಕ್ಕಳು ಕೆಲಸ ಹುಡುಕಿ ಬೆಟ್ಟ ಇಳಿದರು, ಕಲ್ಲಿದ್ದಲು ಗಣಿ ಕರೆಯಿತು. 1951ರಲ್ಲಿ ಶರ್ಮನ್ ಕೊನೆಯವನಾಗಿ ಬಿಟ್ಟು ಬಂದ. 1960ರ ದಶಕದಲ್ಲಿ ಮನೆಗಳನ್ನು ರಿಪೇರಿ ಮಾಡಿದರು. ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಉದ್ಯಾನದವರೇ ವ್ಯಾನಿನಲ್ಲಿ ಕರೆದೊಯ್ಯುತ್ತಾರೆ, ಅರ್ಧ ದಿನದ ಪ್ರವಾಸ, ಮೊದಲೇ ಬುಕ್ ಮಾಡಬೇಕು. ಸೀಟು ಸಿಗದಿದ್ದರೆ ನಡೆದು ಹೋಗಬಹುದು, ಆದರೆ ವರ್ಜೀನಿಯಾ ಕಡೆಯ ಚಾಡ್ವೆಲ್ ಗ್ಯಾಪ್ ಏರು ಅಭ್ಯಾಸ ಇಲ್ಲದವರಿಗೆ ಬೇಡ.

ಉಳಿಯಲು ಮಿಡಲ್ಸ್‌ಬರೋ ಮತ್ತು ಟೆನೆಸಿಯ ಹ್ಯಾರೊಗೇಟ್‌ನಲ್ಲಿ ಹೋಟೆಲ್‌ಗಳಿವೆ. ಟೆಂಟ್ ಹಾಕುವವರಿಗೆ ಉದ್ಯಾನದ ವೈಲ್ಡರ್‌ನೆಸ್ ರೋಡ್ ಕ್ಯಾಂಪ್‌ಗ್ರೌಂಡ್ ಯುಎಸ್ 58ರ ಪಕ್ಕ, ವರ್ಜೀನಿಯಾ ಕಡೆ ಇದೆ. 160 ಜಾಗಗಳು, ಕೆಲವಕ್ಕೆ ಕರೆಂಟ್ ಕೂಡ ಉಂಟು. ಬೆಟ್ಟದ ಮೇಲಿನ ರಿಜ್ ಟ್ರೇಲ್‌ನಲ್ಲಿ ರಾತ್ರಿ ಕಳೆಯುವುದಾದರೆ ವಿಸಿಟರ್ ಸೆಂಟರ್‌ನಲ್ಲಿ ಮೊದಲೇ ವಿಚಾರಿಸಿ, ಅದಕ್ಕೆ ಪರ್ಮಿಟ್ ಬೇಕು.